ನಲವತ್ತೆರಡರ ಅಂಗಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಜ್ಜಂಪುರದಿಂದ ಕಡೂರಿಗೆ ಸೊಸೆಯಾಗಿ ಬಂದೆ. ಸೊಸೆ ಅಂತ ಹೆಸರಿಗೆ, ಅತ್ತೆ ಮಾವ ಇಬ್ಬರೂ ಆಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದದ್ದು ನಾನು, ನನ್ನ ಗಂಡ ಮತ್ತು ಒಂದು ಹೊಲಿಗೆ ಯಂತ್ರ. ಬಸ್ ಸ್ಟ್ಯಾಂಡ್ ರಸ್ತೆಗೆ ಮುಖಮಾಡಿ ಅಂಗಡಿ, ಅದರ ಹಿಂದೆಯೇ ಮನೆ. ಅವರು ಬಟ್ಟೆ ಕತ್ತರಿಸಿ ಹೊಲಿಯುತ್ತಿದ್ದರು, ನಾನು ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕಾಜಾ ಹೊಲಿದು ಗುಂಡಿ ಹಚ್ಚುತ್ತಿದ್ದೆ. ಕೈ ಕೆಲಸದಲ್ಲಿ, ಬಾಯಿ ಊರವರ ಮೇಲೆ. ಯಾರ ಹೊಟ್ಟೆ ಎಷ್ಟು ಬೆಳೆದಿದೆ, ಯಾರು ಹಳೇ ಅಳತೆಗೇ ಹೊಲಿಯಿರಿ ಎಂದು ಹಟ ಹಿಡಿದಿದ್ದಾರೆ ಎಂದು ಹೇಳಿಕೊಂಡು ನಗುತ್ತಿದ್ದೆವು. ಬೇರೆ ಯಾರೂ ಇಲ್ಲದ ಊರಲ್ಲಿ ನನಗೆ ಇದ್ದ ಬಳಗವೆಂದರೆ ಆ ಮಾತು.

ಲಾಟರಿಯೂ ಮೊದಲು ಆ ನಗೆಯ ಜೊತೆಗೇ ಬಂತು. ಸೈಕಲ್ಲಿಗೆ ಮೈಕು ಕಟ್ಟಿಕೊಂಡವನು 'ನಾಳೆಯೇ ಡ್ರಾ' ಎಂದು ಕೂಗುತ್ತ ಬಂದಾಗ ಇವರು ತಿಂಗಳಿಗೊಂದು ಟಿಕೆಟು ಕೊಳ್ಳುತ್ತಿದ್ದರು. ಆಮೇಲೆ ಇಬ್ಬರೂ ಸೇರಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುತ್ತಿದ್ದೆವು. ಬಹುಮಾನ ಬಂದರೆ ಕೆಮ್ಮಣ್ಣುಗುಂಡಿ ನೋಡಬೇಕು ಎಂದು ನಾನು ಹೇಳುತ್ತಿದ್ದೆ. ಅದಕ್ಕೆ ಲಾಟರಿ ಯಾಕೆ, ತರೀಕೆರೆಗೆ ಹೋಗಿ ಬಸ್ಸು ಹತ್ತಿದರೆ ಸಾಕು ಎಂದು ಅವರು ರೇಗಿಸುತ್ತಿದ್ದರು.

ಒಂದು ಸಲ ಕೊನೆಯ ಅಂಕಿಯಲ್ಲಿ ಬಹುಮಾನ ತಪ್ಪಿಹೋಯಿತು. ಪೂರಾ ಸೋತಿದ್ದರೆ ಮರೆಯುತ್ತಿದ್ದರೋ ಏನೋ, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂಬುದು ತಲೆಗೆ ಹತ್ತಿತು. ಆಮೇಲೆ ವಾರಕ್ಕೊಂದು, ದಿನಕ್ಕೊಂದು, ಬೇರೆ ಬೇರೆ ರಾಜ್ಯಗಳ ಟಿಕೆಟು. ಬಸ್ಸಿನ ನಂಬರು, ಗಿರಾಕಿಯ ಸೊಂಟದ ಅಳತೆ, ಎಲ್ಲವೂ ದೇವರು ಕೊಟ್ಟ ಸೂಚನೆಯಂತೆ ಕಾಣತೊಡಗಿತು. ಬೆಳಿಗ್ಗೆ ಎದ್ದವರೇ ಪೇಪರು ನೋಡಲು ಹೋಟೆಲಿಗೆ ಓಡುವರು. ತಿರುಗಿ ಬಂದರೆ ಮಾತಿಲ್ಲ. ನಾನು ಏನು ಹೇಳಿದರೂ 'ಹೂಂ'. ಅನ್ನಕ್ಕೆ ಹೂಂ, ಸಾರಿಗೆ ಹೂಂ, ಮನೆಗೆ ಬೆಂಕಿ ಬಿದ್ದಿದೆ ಎಂದಿದ್ದರೂ ಹೂಂ. ಒಬ್ಬಳೇ ಇದ್ದರೆ ಗೋಡೆಯ ಜೊತೆಯಾದರೂ ಮಾತಾಡಬಹುದು. ಗಂಡ ಎದುರಿಗೇ ಕೂತಿರುವಾಗ ಹಾಗೆ ಮಾಡಿದರೆ ಹುಚ್ಚಿ ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ, ಈ ಮನುಷ್ಯ ಇನ್ನು ನನಗೆ ಸಿಗುವುದೇ ಇಲ್ಲವೇನೋ ಎಂದು ಹೆದರಿಕೆಯಾಯಿತು.

ಅಜ್ಜಂಪುರಕ್ಕೆ ಹೋಗಿ ಅವ್ವನ ಹತ್ತಿರ ಹೇಳಿಕೊಂಡೆ.

"ಕುಡೀತಾನೇನೇ?"

"ಇಲ್ಲ."

"ಹೊಡೀತಾನಾ?"

"ಇಲ್ಲವ್ವ. ಮಾತಾಡಲ್ಲ."

"ಗಂಡಸ್ರು ಮಾತಾಡದಿದ್ರೆ ಒಳ್ಳೇದೇ ಆಯ್ತು ಬಿಡು," ಎಂದು ಅವ್ವ ಮೊರ ಎತ್ತಿಕೊಂಡು ರಾಗಿ ಕೇರಲು ಕೂತಳು. ರೈಲಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅಳುತ್ತ ವಾಪಸು ಬಂದೆ.

ಆ ವರ್ಷವೇ ಹಿರೇನಲ್ಲೂರಿನ ಕಡೆಯ ಯಜಮಾನರೊಬ್ಬರು ಮಗನ ಮದುವೆಯ ಅಂಗಿಗೆ ಬಟ್ಟೆ ತಂದುಕೊಟ್ಟರು. ಹುಡುಗ ಜೋಳದ ದಂಟಿನ ಹಾಗಿದ್ದ. ಕಾಜಾ ಹೊಲಿಯಲು ಅಂಗಿ ನನ್ನ ಕೈಗೆ ಬಂದಾಗ ನೋಡಿದರೆ ಅಂಥ ಇಬ್ಬರನ್ನು ಅದರೊಳಗೆ ತುಂಬಬಹುದಿತ್ತು.

"ಇದೇನ್ರೀ, ಮದುವೆ ಗಂಡಿಗೋ, ಪೈಲ್ವಾನನಿಗೋ?"

"ಹೂಂ."

ಹೂಂ ಎಂದ ಮೇಲೆ ನನಗೂ ಹಟ ಬಂತು. ತೆಪ್ಪಗೆ ಹೊಲಿದು ಮುಗಿಸಿದೆ.

ಅಂಗಿ ಒಯ್ಯಲು ಬಂದ ಹುಡುಗ ಅಲ್ಲೇ ಹಾಕಿಕೊಂಡು ನೋಡಿದ. ಅವನಪ್ಪ ಮಗನ ಸುತ್ತ ಒಂದು ಸುತ್ತು ಬಂದರು. "ಏನಪ್ಪಾ ಟೈಲರ್ರೇ, ಮದುಮಗಳನ್ನೂ ಇದ್ರೊಳಗೇ ಕರ್ಕೊಂಡ್ ಬರ್ಬೇಕಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನ್ನ ಗಂಡ ಅಂಗಿ ಬಿಚ್ಚಿಸಿಕೊಂಡು ಒಳಮೈ ತಿರುಗಿಸಿ ನೋಡಿದರು. ಸೀಮೆಸುಣ್ಣದಲ್ಲಿ ಬರೆದುಕೊಂಡ ಎದೆಯ ಅಳತೆ ಇನ್ನೂ ಅಳಿಸಿರಲಿಲ್ಲ. ನಲವತ್ತೆರಡು.

"ಸಂಜೆ ಬಸ್ಸಿಗೆ ಬೇಕು ಕಣಪ್ಪಾ," ಎಂದು ಅಪ್ಪ ಮಗ ಹೋಟೆಲಿಗೆ ಹೋದರು.

ನಾವು ಚಾಪೆಯ ಮೇಲೆ ಎದುರುಬದುರು ಕೂತು ಹೊಲಿಗೆ ಬಿಚ್ಚತೊಡಗಿದೆವು.

"ನಲವತ್ತೆರಡು ಅವ್ನ ಅಳತೆ ಅಲ್ಲ ಕಣೇ," ಎಂದರು. "ನನ್ ಟಿಕೆಟಿನ ಕೊನೇ ಎರಡು ಅಂಕಿ."

ಎಷ್ಟೋ ತಿಂಗಳ ಮೇಲೆ ಹೂಂಗಿಂತ ಉದ್ದದ ಮಾತು ಕೇಳಿದ್ದೆ. ಅದನ್ನು ಕಡಿಯಲು ಮನಸ್ಸಾಗದೆ ಕೇಳಿದೆ, "ಬಹುಮಾನ ಬಂದಿದ್ರೆ ಏನ್ ಮಾಡ್ತಿದ್ರಿ?"

"ಅಂಗ್ಡಿ ಮುಚ್ಬಿಡ್ತಿದ್ದೆ. ನೀನು ಕಾಜಾ ಹೊಲ್ದು ಹೊಲ್ದು ಬೆರಳು ಚುಚ್ಕೊಳ್ಳೋದು ತಪ್ತಿತ್ತು."

ಇಷ್ಟು ದಿನ ನನ್ನನ್ನು ಮರೆತಿದ್ದು ನನಗೋಸ್ಕರವಂತೆ. ಸಿಟ್ಟೂ ಬಂತು, ಅಳುವೂ ಬಂತು.

"ಕಾಜಾ ಇಲ್ದಿದ್ರೆ ನಿಮ್ ಪಕ್ಕದಲ್ಲಿ ಕೂರಾಕೆ ನಂಗೇನ್ರೀ ಕೆಲ್ಸ?" ಎಂದೆ.

ಅವರು ಬಿಚ್ಚಬೇಕಾಗಿದ್ದ ಒಂದು ತೋಳನ್ನು ನನ್ನ ಕಡೆ ಸರಿಸಿದರು.

ಅಂದೇ ಲಾಟರಿ ಬಿಟ್ಟರು ಎಂದರೆ ಸುಳ್ಳಾಗುತ್ತದೆ. ಮೈಕಿನ ಸದ್ದು ಕೇಳಿದರೆ ಎದ್ದು ನಿಲ್ಲುವರು. "ಇದೊಂದು ಅಂಗಿ ಮುಗ್ಸಿ ಹೋಗಿ," ಎಂದು ನಾನು ಹೇಳುವೆ. ಕೂತರೆ ಅಷ್ಟರಲ್ಲಿ ಟಿಕೆಟು ಮಾರುವವನು ಮುಂದೆ ಹೋಗಿಬಿಡುತ್ತಿದ್ದ. ಕೆಲವು ಸಂಜೆ ಕೂರದೆ ಹೋಗುವರು, ನಿಂತ ಯಂತ್ರದ ಪಕ್ಕ ನಾನೊಬ್ಬಳೇ ಸೂಜಿ ಹಿಡಿದು ಕೂತಿರುತ್ತಿದ್ದೆ. ಹೀಗೆ ಬಿಟ್ಟು ಹಿಡಿದು, ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಯುಗಾದಿಗೊಂದು ದೀಪಾವಳಿಗೊಂದು ಟಿಕೆಟಿಗೆ ಬಂದು ನಿಂತರು. ಕೊಳ್ಳುವುದು ನಾನು, ಪೇಪರು ನೋಡಿ ಬರುವುದೂ ನಾನು.

"ಬರ್ಲಿಲ್ಲ ಕಣ್ರೀ," ಎನ್ನುತ್ತಿದ್ದೆ.

"ಸದ್ಯ," ಎಂದು ಅವರು ಯಂತ್ರ ತುಳಿಯತೊಡಗುತ್ತಿದ್ದರು.