ಎಣಿಸುವ ಬೆರಳು

ನನ್ನ ಮಗಳು ರಸ್ತೆ ದಾಟುವಾಗ ನನಗೆ ಕಿರುಬೆರಳನ್ನಷ್ಟೇ ಕೊಡುತ್ತಿದ್ದಳು. ಆಗ ಅವಳು ಎರಡನೇ ಕ್ಲಾಸು. ಹರಿಹರದ ಬಸ್ ಸ್ಟ್ಯಾಂಡಿನ ಮುಂದೆ ಲಾರಿಗಳು ಮೈಮೇಲೇ ಬಂದಂತೆ ಬರುವ ಹೊತ್ತಿನಲ್ಲೂ ಈ ಪುಣ್ಯಾತ್ಗಿತ್ತಿ ಒಂದು ಬೆರಳು ಚಾಚಿ, "ಇಷ್ಟು ಹಿಡ್ಕೋ, ಸಾಕು" ಎನ್ನುವಳು. ಪೂರಾ ಕೈ ಹಿಡಿಯಲು ಹೋದರೆ ಬೆನ್ನ ಹಿಂದೆ ಬಚ್ಚಿಡುವಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹುಟ್ಟುಗುಣ. "ಯಾಕ, ನನ್ನ ಕೈಯಾಗೇನು ಮುಳ್ಳು ಅದಾವೇನೇ?" ಎಂದು ಒಮ್ಮೆ ಗದರಿದೆ.

"ನೀನು ಕೈ ಹಿಡಿಯಲ್ಲ ಅವ್ವ, ಎಣಿಸ್ತೀಯ," ಎಂದಳು.

ಸುಳ್ಳೇನಲ್ಲ. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಾನು ದಾವಣಗೆರೆಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ನರ್ಸು. ದಿನಾ ಹರಿಹರದಿಂದ ಬಸ್ಸಿನಲ್ಲಿ ಹೋಗಿಬರುವುದು. ಯಾರ ಕೈ ಸಿಕ್ಕರೂ ನನ್ನ ಬೆರಳುಗಳು ತಾವಾಗಿಯೇ ಮಣಿಕಟ್ಟಿಗೆ ಹೋಗಿ ನಾಡಿ ಹುಡುಕುತ್ತಿದ್ದವು, ಕಣ್ಣು ಗಡಿಯಾರಕ್ಕೆ ಹೋಗುತ್ತಿತ್ತು. ಒಂದು ಮದುವೆಮನೆಯಲ್ಲಿ ಅರಿಶಿನ ಕುಂಕುಮ ಕೊಡಲು ಬಂದವರ ಕೈ ಹಿಡಿದು, "ಬಿಪಿ ತೋರಿಸಿದೀರೇನ್ರಿ?" ಎಂದು ಕೇಳಿ ಅವರ ಮುಖ ಬಾಡಿಸಿದ್ದೆ. ಉಕ್ಕಡಗಾತ್ರಿಯಲ್ಲಿ ದರ್ಶನಕ್ಕೆ ಸಾಲಿನಲ್ಲಿ ನಿಂತಾಗ, ಮುಂದಿದ್ದ ಅಜ್ಜನ ಉಗುರು ನೀಲಿಯಾಗಿದೆಯೇ ಎಂದು ಬಗ್ಗಿ ನೋಡಿದೆ. ಅಜ್ಜ ಗಾಬರಿಯಾಗಿ ಜೇಬು ಮುಚ್ಚಿಕೊಂಡ. ಮನೆಯಲ್ಲಿ ಅತ್ತೆ ಉಂಡು ಮಲಗಿದರೆ, ಎದೆ ಏರಿಳಿಯುತ್ತಿದೆಯೇ ಎಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ, "ಇನ್ನೂ ಸತ್ತಿಲ್ಲವ್ವ ನಾನು. ಹೋಗು, ಸಾರು ಕಾಸು," ಎನ್ನುತ್ತಿದ್ದರು.

ಈಗ ಹೇಳಿಕೊಂಡು ನಗುತ್ತೇನೆ. ಆಗ ನಗು ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ದಿನಗಟ್ಟಲೆ ನೋಡಿಕೊಂಡ ರೋಗಿ ತೀರಿಕೊಂಡರೆ ಹಾಸಿಗೆ ಬಟ್ಟೆ ಬದಲಿಸಿ, ಹೊರಗೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿಂದು ಬರುತ್ತಿದ್ದೆ. ಖಾರವೂ ಗೊತ್ತಾಗುತ್ತಿರಲಿಲ್ಲ. ಆವರಗೆರೆಯ ಒಬ್ಬ ಹೆಂಗಸು ತನ್ನ ಗಂಡ ಹೇಗಿದ್ದಾನೆಂದು ಮತ್ತೆ ಮತ್ತೆ ಕೇಳಿದಾಗ, "ಎಷ್ಟು ಸಲ ಹೇಳಬೇಕ್ರಿ ನಿಮಗೆ?" ಎಂದು ರೇಗಿದೆ. ಆಕೆ ಸೆರಗನ್ನು ಬಾಯಿಗೊತ್ತಿಕೊಂಡು ಹೊರಗೆ ಹೋದಳು. ನನಗೆ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲವಲ್ಲ ಎಂದು ಬಸ್ಸು ಹತ್ತಿದ ಮೇಲೆ ಹೆದರಿಕೆಯಾಯಿತು. ಹೆತ್ತ ಮಗಳೇ ಬೆರಳ ತುದಿಯಷ್ಟು ಕೊಡುವಂತಾದ ಮೇಲೆ ಈ ಕೆಲಸ ಯಾವ ಸೌಭಾಗ್ಯಕ್ಕೆ? ಬಿಟ್ಟುಬಿಡುವುದೆಂದು ತೀರ್ಮಾನಿಸಿದೆ.

ಮೇಟ್ರನ್ ಹತ್ತಿರ ಹೋಗಿ ಹೇಳಿದರೆ ಅವರು, "ಒಂದು ತಿಂಗಳು ತಡಿಯವ್ವ. ಮನಸ್ಸಿನ ಡಾಕ್ಟ್ರು ಒಬ್ರು ನಮ್ಮ ಸಿಸ್ಟರ್‌ಗಳಿಗೆ ಏನೋ ಕಲಿಸ್ತಾರಂತೆ. ಅದಾದ ಮೇಲೂ ಹೋಗಬೇಕು ಅನ್ಸಿದ್ರೆ ಹೋಗು, ಯಾರು ಬ್ಯಾಡ ಅಂತಾರೆ," ಎಂದರು.

ಹಗಲು ಡ್ಯೂಟಿ ಮುಗಿದ ಮೇಲೆ ಕ್ಲಾಸ್ ರೂಮಿನಲ್ಲಿ ಜಮಖಾನ ಹಾಸಿ ನಮ್ಮನ್ನು ಕೂರಿಸಿದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೆಲುಮಾತು. "ಬೇರೇನೂ ಮಾಡಬೇಡಿ. ಕಣ್ಣು ಮುಚ್ಚಿ, ನಿಮ್ಮ ಉಸಿರನ್ನ ಗಮನಿಸಿ, ಅಷ್ಟೇ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಈಗ ಹೇಳಿ, ಏನು ಗಮನಕ್ಕೆ ಬಂತು?" ಎಂದು ಕೇಳಿದರು.

ಮುಂದಿನ ಸಾಲಿನ ಸಿಸ್ಟರ್ ಎದ್ದು ನಿಂತು, "ಇಪ್ಪತ್ತೆರಡು ಮೇಡಂ," ಎಂದಳು.

ಪಕ್ಕದವಳು, "ನಂದು ಹದಿನೆಂಟು. ರೆಗ್ಯುಲರ್ ಐತೆ," ಎಂದಳು. ಹಿಂದಿನಿಂದ ಇನ್ನೊಬ್ಬಳು ನನ್ನ ಕಡೆ ಕೈ ತೋರಿಸಿ, "ಇವರದು ಇಪ್ಪತ್ತಾರು ಮೇಡಂ, ಆಕ್ಸಿಜನ್ ಹಚ್ಚಬೇಕೇನ್ರಿ?" ಎಂದಳು. ಅಷ್ಟೂ ಜನ ಒಂದು ಕಣ್ಣು ತೆರೆದು ಕೈಗಡಿಯಾರ ನೋಡುತ್ತಾ ಉಸಿರು ಎಣಿಸಿದ್ದೆವು! ಉಸಿರೆಂದರೆ ನಮಗೆ ಚಾರ್ಟಿನಲ್ಲಿ ತುಂಬುವ ಒಂದು ಅಂಕಿ, ಇನ್ನೇನು?

ಡಾಕ್ಟರು ಅರೆಗಳಿಗೆ ತಬ್ಬಿಬ್ಬಾದರು. ಆಮೇಲೆ ಕುರ್ಚಿ ಹಿಡಿದುಕೊಂಡು ನಕ್ಕರು. ನಾವೂ ನಕ್ಕೆವು. ಎಷ್ಟೋ ತಿಂಗಳ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಆವತ್ತೇ. ಅವರು ಕಣ್ಣೊರೆಸಿಕೊಂಡು, "ನಂದೇ ತಪ್ಪು ಬಿಡಿ. ಹಾಗಾದ್ರೆ ನೀವೇ ಹೇಳಿ, ಇಡೀ ದಿನದಲ್ಲಿ ಎಣಿಸದೆ, ಅಳೆಯದೆ ನೀವು ಮುಟ್ಟೋದು ಏನನ್ನ?" ಎಂದರು.

ಡ್ರಿಪ್ಪಿನ ಹನಿ ಎಣಿಸುತ್ತೇವೆ, ಮೂತ್ರ ಅಳೆಯುತ್ತೇವೆ, ಗಂಜಿ ಕುಡಿಸಿದರೂ ಎಷ್ಟೆಂದು ಬರೆಯುತ್ತೇವೆ. ಕೊನೆಗೆ ನಾನೇ ಸ್ವಲ್ಪ ಸಿಡುಕಿನಿಂದ, "ಕೈ ತೊಳಿಯೋ ನಲ್ಲಿ ನೀರು ಒಂದೈತೆ ನೋಡ್ರಿ. ಅದರ ಲೆಕ್ಕ ಇನ್ನೂ ಯಾರೂ ಕೇಳಿಲ್ಲ," ಎಂದೆ.

"ಸಾಕು ಸಿಸ್ಟರ್, ಅಲ್ಲಿಂದಲೇ ಶುರು ಮಾಡೋಣ," ಎಂದರು.

ಕಲಿಸಿದ್ದು ಇಷ್ಟೇ. ಒಬ್ಬ ರೋಗಿಯನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗುವ ಮುಂಚೆ ಹೇಗೂ ಕೈ ತೊಳೆಯುತ್ತೇವೆ. ಆಗ ಕೈಯನ್ನಷ್ಟೇ ತೊಳೆಯುವುದು. ನೀರಿನ ತಂಪು, ಸೋಪಿನ ನುಣುಪು, ಬೆರಳ ಸಂದು. ಮನಸ್ಸು ಹಿಂದಿನ ಹಾಸಿಗೆಗೋ ಮುಂದಿನ ಹಾಸಿಗೆಗೋ ಓಡಿದರೆ ಬೈಯದೆ ಮತ್ತೆ ನೀರಿಗೆ ಕರೆತರುವುದು. ಆ ಬೈಯದೆ ಎನ್ನುವುದೇ ನನಗೆ ಕಷ್ಟವಾಯಿತು. "ಥೂ, ಎಲ್ಲಿ ಹಾಳಾಗಿ ಹೋಗಿದ್ದೆ, ಬಾ ಇಲ್ಲಿ" ಎಂದೇ ನಾನು ನನ್ನ ಮನಸ್ಸನ್ನು ಕರೆಯುತ್ತಿದ್ದೆ.

ಮೊದಮೊದಲು ಏನೂ ಆಗಲಿಲ್ಲ, ಕೈ ಬಿರಿಯಿತು ಅಷ್ಟೇ. "ಟ್ಯಾಂಕ್ ಖಾಲಿ ಮಾಡೇ ಹರಿಹರದ ಬಸ್ ಹತ್ತೋದೇನು?" ಎಂದು ಜೊತೆಯವರು ಆಡಿಕೊಂಡರು. ನಾನು ಹಟದವಳು, ಬಿಡಲಿಲ್ಲ. ಮನೆಯಲ್ಲೂ ಹಾಗೇ ತೊಳೆಯತೊಡಗಿದೆ. ನಮ್ಮ ಅತ್ತೆ ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ನೆಟ್ಟ ಕಣ್ಣು ತೆಗೆಯದೆ ಪೂಜೆ ಮಾಡುವವರು. ಅವರು ನನ್ನ ಅವತಾರ ನೋಡಿ, "ಕೈ ತೊಳಿತೀಯೋ, ಲಿಂಗಕ್ಕೆ ಮಜ್ಜನ ಮಾಡ್ತೀಯೋ?" ಎಂದರು. ಎಲ್ಲ ಹೇಳಿದೆ. ನಗುತ್ತಾರೆಂದುಕೊಂಡರೆ ನಗಲಿಲ್ಲ.

"ನಾನೂ ಮೊದ್ಲು ಲಿಂಗ ನೋಡ್ಕೋತ ಮಧ್ಯಾಹ್ನಕ್ಕೆ ಏನು ಪಲ್ಯ ಮಾಡ್ಲಿ ಅಂತಿದ್ದೆ ಕಣವ್ವ. ಕಣ್ಣು ಅಲ್ಲೇ ಇಡು. ಸಂಜಿಗೆ ದನ ಮನಿಗೆ ಬಂದಂಗೆ ಮನಸು ತಾನೇ ಬರ್ತೈತೆ," ಎಂದರು.

ಬಂತು. ಆನೆಕೊಂಡದ ಒಬ್ಬ ಅಜ್ಜಿಗೆ ಗಂಟಲಿನ ಟ್ಯೂಬು ಆಗಷ್ಟೇ ತೆಗೆದಿದ್ದರು. ನಾನು ಮುಖ ಒರೆಸುತ್ತಿದ್ದಾಗ ಅಜ್ಜಿ ಒಡಕು ದನಿಯಲ್ಲಿ, "ನಿನ್ನ ಕೈ ತಣ್ಣಗೈತಲ್ಲ ಮಗಳೇ, ಹಿತ ಆಗ್ತೈತೆ," ಎಂದಳು. ನನ್ನ ಕಣ್ಣು ತುಂಬಿ ಹರಿಯಿತು. ಅಯ್ಯೋ, ನನಗೆ ಅಳು ಬರುತ್ತಿದೆ ಎಂಬ ಖುಷಿಗೇ ಇನ್ನಷ್ಟು ಅಳು ಬಂತು! ಆವತ್ತು ಕಚ್ಚಿದ ಮೆಣಸಿನಕಾಯಿ ನೆತ್ತಿಗೇರಿತು. ತಿಂಗಳು ಕಳೆದ ಮೇಲೂ ನಾನು ಎಂದಿನಂತೆ ಬಸ್ಸು ಹತ್ತಿ ಡ್ಯೂಟಿಗೆ ಹೋದೆ.

ಮಗಳು ಮಾತ್ರ ಕಿರುಬೆರಳಿನಿಂದ ಮುಂದೆ ಬರಲಿಲ್ಲ. ಕೇಳಿ ಇಸಕೊಳ್ಳುವ ವಸ್ತುವೇ ಅದು? ಕೊಟ್ಟ ಬೆರಳನ್ನೇ ಹಿಡಿದು ನಡೆದೆ.

ಒಂದು ಭಾನುವಾರ ಸಂಜೆ ಹೊಳೆಯಲ್ಲಿ ಕಾಲಾಡಿಸಿ ವಾಪಸು ಬರುತ್ತಿದ್ದೆವು. ದೊಡ್ಡ ರಸ್ತೆ ದಾಟುವಾಗ ಲಾರಿಯೊಂದು ಹಾರ್ನ್ ಬಾರಿಸಿದ್ದಕ್ಕೆ ಬೆಚ್ಚಿ ಅವಳು ಇಡೀ ಕೈಯನ್ನು ನನ್ನ ಕೈಯೊಳಗೆ ತುರುಕಿದಳು. ಪುಟ್ಟ ಕೈ ಬೆವೆತಿತ್ತು, ಬೆರಳ ಸಂದಿಯಲ್ಲಿ ಹೊಳೆಯ ಮರಳು ಇನ್ನೂ ಇತ್ತು. ರಸ್ತೆ ದಾಟಿದೆವು, ಅಂಗಡಿ ಸಾಲು ದಾಟಿದೆವು. ನಮ್ಮ ಓಣಿಯ ತಿರುವಿನಲ್ಲಿ ಅವಳು ಗಕ್ಕನೆ ನಿಂತಳು.

"ಎಷ್ಟು ಬಂತವ್ವ?"

"ಏನೇ ಅದು?" ಎಂದೆ. ನನಗೆ ನಿಜವಾಗಿಯೂ ತಿಳಿಯಲಿಲ್ಲ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಏನಿಲ್ಲ, ನಡಿ," ಎಂದು ನನ್ನನ್ನು ಎಳೆದುಕೊಂಡು ಹೊರಟಳು. ಓಣಿಯಲ್ಲಿ ಲಾರಿಯಿರಲಿ, ಒಂದು ಸೈಕಲ್ಲೂ ಇರಲಿಲ್ಲ. ಆದರೂ ಮನೆ ಬಾಗಿಲು ಬರುವವರೆಗೆ ಅವಳು ನನ್ನ ಕೈ ಬಿಡಲಿಲ್ಲ.