ಶರಣು ಮಾಡಿ ಎದುರಾಡಿದವಳು

ನಿಲಂಗಾದಲ್ಲಿ ನಮ್ಮ ಅತ್ತೆ ಮುಕ್ತಾಬಾಯಿ ಯಾರಿಗಾದರೂ ಬಗ್ಗಿ ಶರಣು ಮಾಡಿದಳೆಂದರೆ ಕೂತವರೆಲ್ಲ ಮಾತು ನಿಲ್ಲಿಸುತ್ತಿದ್ದರು. ಮೇಲೆದ್ದ ಮೇಲೆ ಆಕೆ ಎದುರು ಮಾತು ಆಡುವವಳೇ ಎಂದು ಓಣಿಗೆಲ್ಲ ಗೊತ್ತಿತ್ತು. ಮದುವೆ ಮಾತುಕತೆಗೆ ಬಂದ ಗಂಡಿನ ಕಡೆಯ ಹಿರಿಯರಿಗೆ ಹಾಗೇ ಮಾಡಿದ್ದಳು. ನಮ್ಮ ಹೊಲದ ಬದು ಒತ್ತಿದ ಪಾಟೀಲನಿಗೂ ಹಾಗೇ. “ಮುಕ್ತಾಬಾಯಿ ಕಾಲಿಗಿ ಬಿದ್ದಳ್ರಿ, ಇನ್ನ ನಿಮ್ಮ ಕಥಿ ಮುಗೀತು” ಎಂದು ಗಂಡಸರು ನಗುತ್ತಿದ್ದರು.

ಈ ರೂಢಿ ಆಕೆಗೆ ಎಲ್ಲಿಂದ ಬಂತೆಂದು ಜೋಳ ಹಸನು ಮಾಡುತ್ತ ನನಗೆ ಹೇಳುತ್ತಿದ್ದಳು. ಒಮ್ಮೆಗೇ ಅಲ್ಲ, ಮನಸ್ಸು ಬಂದಾಗ ಒಂದೊಂದು ತುಣುಕು. ನಾನು ಕೇಳಿದ್ದನ್ನು ಜೋಡಿಸಿ ಇಲ್ಲಿ ಬರೆದಿದ್ದೇನೆ.

ಆಗ ನಿಜಾಮರ ಕಾಲ. ಮುಕ್ತಾಬಾಯಿ ಹುಟ್ಟಿದ್ದು ಔರಾದ ಶಹಾಜನಿಯಲ್ಲಿ. ಅಪ್ಪ ಕಲ್ಯಾಣಪ್ಪನಿಗೆ ಸ್ವಂತ ಹೊಲ, ಸ್ವಂತ ಬೇಸಾಯ. ಸರ್ಕಾರಿ ಸಾಲೆಯಲ್ಲಿ ಉರ್ದು ನಡೆಯುತ್ತಿತ್ತು. ಮನೆ ಮಾತಿನಲ್ಲಿ ನಾಲ್ಕಕ್ಷರ ಬೇಕೆನ್ನುವವರಿಗೆ ಗುರಣ್ಣ ಮಾಸ್ತರರು ಮಠದ ಪಡಸಾಲೆಯಲ್ಲಿ ಸಾಲೆ ಇಟ್ಟಿದ್ದರು. ಹುಡುಗರ ಹಿಂದೆ, ಕಂಬದ ಆಚೆ, ಕೆಲವು ಹುಡುಗಿಯರು ಕೂಡುತ್ತಿದ್ದರು. ಅವರಲ್ಲಿ ಮುಕ್ತಾ ಒಬ್ಬಳು.

ಗುರಣ್ಣ ಮಾಸ್ತರರು ಒಮ್ಮೆ ಉದಗೀರಕ್ಕೆ ಹೋದಾಗ ಅಲ್ಲಿನ ದೊಡ್ಡ ಸಾಲೆಯಲ್ಲಿ ಹುಡುಗರು ಎರಡು ಪಕ್ಷವಾಗಿ ನಿಂತು ವಾದ ಮಾಡುವುದನ್ನು ಕಂಡರಂತೆ. ತಿರುಗಿ ಬಂದವರೇ “ನಮ್ಮ ಸಾಲ್ಯಾಗೂ ಆಗಬೇಕು” ಎಂದರು. ಸಭಾಪತಿ ತಾವೇ. ಸಭಾಪತಿಯ ಅಪ್ಪಣೆ ಇಲ್ಲದೆ ಯಾರೂ ಏಳಬಾರದು, ಯಾರೂ ಹೋಗಬಾರದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ವಿಷಯ: ಒಕ್ಕಲುತನ ಮೇಲೋ, ವಿದ್ಯೆ ಮೇಲೋ. ಯಾರು ಯಾವ ಪಕ್ಷವೆಂದು ತೀರ್ಮಾನಿಸಲು ಹುಣಸೆ ಬೀಜದ ಒಂದು ಮಗ್ಗುಲು ಕಲ್ಲಿಗೆ ತಿಕ್ಕಿ ಬಿಳುಪು ಮಾಡಿ ಹಾರಿಸಿದರು. ಬಿಳಿ ಬಿದ್ದದ್ದು ಮುಕ್ತಾಳಿಗೆ. ಆಕೆ ವಿದ್ಯೆಯ ಪರ. ಒಕ್ಕಲುತನದ ಪರ ನಿಲ್ಲಬೇಕಾದವನು ರೇವಯ್ಯ.

ಅಲ್ಲಿಯೇ ತೊಡಕು. ರೇವಯ್ಯನ ತಂದೆ ವಿಶ್ವನಾಥಯ್ಯನವರು ಕಲ್ಯಾಣಪ್ಪನ ಮನೆಗೆ ತಲೆತಲಾಂತರದ ಅಯ್ಯಗಳು. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದು, ಮದುವೆ, ಸತ್ತವರಿಗೆ ಮಣ್ಣು, ಯಾವುದೂ ಅವರಿಲ್ಲದೆ ಇಲ್ಲ. ರೇವಯ್ಯ ಮುಕ್ತಾಳ ವಯಸ್ಸಿನವನೇ. ಆದರೂ ಅವನು ಜೋಳಿಗೆ ಹಿಡಿದು ಬಾಗಿಲಿಗೆ ಬಂದರೆ ಕಲ್ಯಾಣಪ್ಪನಿಂದ ಹಿಡಿದು ಎಲ್ಲರೂ ಅವನ ಕಾಲಿಗೆ ಹಣೆ ಹಚ್ಚಬೇಕು. ಮಳೆ ಬರುತ್ತದೆ ಎಂದರೂ “ಹೌದ್ರಿ ಅಯ್ಯನೋರ”, ಬರುವುದಿಲ್ಲ ಎಂದರೂ “ಹೌದ್ರಿ ಅಯ್ಯನೋರ”.

ಮೊದಲ ತಾಲೀಮಿನ ದಿನ ರೇವಯ್ಯ ಎದ್ದು, “ಓದಿದವರು ಹೊಟ್ಟಿಗಿ ಏನ್ ತಿಂತಾರ? ಅಕ್ಷರ ತಿಂತಾರೇನು? ಒಕ್ಕಲುತನೇ ಮೇಲು” ಎಂದ.

ಮುಕ್ತಾ ಎದ್ದು ನಿಂತಳು. ಬಾಯಿ ತಾನಾಗಿ ತೆರೆಯಿತು. “ಹೌದ್ರಿ ಅಯ್ಯನೋರ.”

ಸಾಲೆಗೆ ಸಾಲೆಯೇ ಬಿದ್ದು ಬಿದ್ದು ನಕ್ಕಿತು. ಮಾಸ್ತರರು ತಲೆ ಮೇಲೆ ಕೈ ಇಟ್ಟುಕೊಂಡರು. “ಅವ್ವಿ, ನೀ ಹೌದ್ರಿ ಅಂದ್ರ ವಾದ ಮುಗೀತಲ್ಲ! ಇನ್ನೊಮ್ಮಿ.”

ಇನ್ನೊಮ್ಮೆಯೂ ಅದೇ. ಮರುದಿನವೂ ಅದೇ. ಹುಡುಗರು ಓಣಿಯಲ್ಲಿ ಆಕೆಯನ್ನು ಕಂಡಲ್ಲೆಲ್ಲ “ಹೌದ್ರಿ ಅಯ್ಯನೋರ” ಎಂದು ಕೂಗತೊಡಗಿದರು. ಮುಕ್ತಾ ಸೆಗಣಿ ತಟ್ಟುವಾಗ ಗೋಡೆಗೆ “ಇಲ್ಲ, ನಾ ಒಪ್ಪಂಗಿಲ್ಲ” ಎಂದು ಹೇಳಿಕೊಂಡು ರೂಢಿ ಮಾಡಿಕೊಂಡಳಂತೆ. ಒಂದೊಂದು ಕುಳ್ಳಿಗೆ ಒಂದೊಂದು “ಇಲ್ಲ”.

ಇತ್ತ ರೇವಯ್ಯನಿಗೆ ಬೇರೆ ಕಷ್ಟ. ಅವನು ನೇಗಿಲು ಮುಟ್ಟಿದವನಲ್ಲ. ಒಕ್ಕಲುತನದ ಬಗ್ಗೆ ಏನು ಹೇಳುವುದು? ಒಂದು ಸಂಜೆ ನೆಟ್ಟಗೆ ಕಲ್ಯಾಣಪ್ಪನ ಮನೆಗೇ ಬಂದ. ಕಲ್ಯಾಣಪ್ಪ ಶರಣು ಮಾಡಿ, ಕಂಬಳಿ ಹಾಸಿ ಕೂಡಿಸಿ, ಕೇಳಿದ್ದಕ್ಕೂ ಕೇಳದ್ದಕ್ಕೂ ಹೇಳಿದ. ಮಣ್ಣು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅದು ಹೇಗೆ ಒಡೆಯುತ್ತದೆ ಎಂಬುದರಲ್ಲಿ ಬಿತ್ತುವ ಹದ ತಿಳಿಯುತ್ತದೆ ಎಂದ. ಎತ್ತು ಮೇವು ಬಿಟ್ಟರೆ ಅದರ ಕಿವಿ ಮುಟ್ಟಿ ನೋಡಬೇಕು ಎಂದ. ಮನೆಯಲ್ಲಿ ಅವನು ಅಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ರೇವಯ್ಯ ಹೋದ ಮೇಲೆ ಶೇವಂತಾಬಾಯಿ, ಮುಕ್ತಾಳ ತಾಯಿ, ರೊಟ್ಟಿ ತಟ್ಟುತ್ತಲೇ, “ಮಗಳ ಎದುರು ನಿಂತವರಿಗಿ ನೀವೇ ಹೇಳಿ ಕೊಟ್ಟೀರಲ್ಲ, ಛಲೋ ಅಪ್ಪ!” ಎಂದಳು.

“ಅಯ್ಯನೋರು ಕೇಳ್ಯಾರ. ಇಲ್ಲ ಅನ್ಲೇನು?”

“ಇಲ್ಲ ಅನ್ನೋದು ಈ ಮನ್ಯಾಗ ಗ್ವಾಡಿಗಿ ಅಷ್ಟೇ ಗೊತ್ತು” ಎಂದಳು ತಾಯಿ. ಒಳಗಿನಿಂದ ಮುಕ್ತಾ ಎಲ್ಲವನ್ನೂ ಕೇಳುತ್ತಿದ್ದಳು.

ಊರವರ ಮುಂದೆ ವಾದದ ಸಭೆ ನಡೆಯಲಿರುವ ಸುದ್ದಿ ವಿಶ್ವನಾಥಯ್ಯನವರ ಕಿವಿಗೂ ಬಿತ್ತು. ಸೋಮವಾರ ಪೂಜೆಗೆ ಬಂದವರು ಕಾಲು ತೊಳೆಸಿಕೊಳ್ಳುವ ಮೊದಲೇ ನಿಂತರು. “ಕಲ್ಯಾಣಪ್ಪ, ನಿನ್ನ ಮಗಳು ನಮ್ಮ ಕೂಸಿಗಿ ನಾಲ್ಕು ಮಂದಿ ಮುಂದ ಇಲ್ಲ ಅಂತಾಳಂತ?”

“ಸಾಲಿ ಆಟರಿ ಅಯ್ಯನೋರ.”

“ಆಟ ನಿಮಗ. ಇವತ್ತು ಮಗನಿಗಿ ಅಂದ್ರ, ನಾಳಿ ನನಗ ಅಂತಾಳ. ಆಕಿ ಅಲ್ಲಿ ಎದುರಾಡಿದ್ರ ನಾ ನಿನ್ನ ಹೊಸ್ತಿಲಾ ದಾಟಂಗಿಲ್ಲ. ಲಿಂಗ ಕಟ್ಟಾಕ ಯಾರನ್ನ ಕರೀತಿ ನೋಡ್ಕೋ.”

ಆ ರಾತ್ರಿ ಕಲ್ಯಾಣಪ್ಪ ಉಣ್ಣಲಿಲ್ಲ. ಬೆಳಿಗ್ಗೆ ಮಗಳನ್ನು ಕರೆದು, “ನಾಳಿಗಿ ಸಭಾದಾಗ ನೀ ಎದ್ದು ಶರಣು ಮಾಡು, ಹೌದ್ರಿ ಅನ್ನು, ಕುಂಡ್ರು. ಅಷ್ಟ. ಇಲ್ಲಂದ್ರ ಸಾಲಿ ಬಂದ್” ಎಂದ.

“ಹೌದ್ರಿ ಅನ್ನಾಕ ಸಾಲಿಗಿ ಯಾಕ ಹೋಗ್ಲಿ ಅಪ್ಪಾ? ಅದು ಮನ್ಯಾಗೇ ಕಲ್ತೀನಿ.”

ಕಲ್ಯಾಣಪ್ಪ ಕೈ ಎತ್ತಿದ. ಎತ್ತಿದ ಕೈಯಿಂದ ಬಾರುಕೋಲು ತೆಗೆದುಕೊಂಡು ಹೊಲಕ್ಕೆ ಹೋದ.

ಸಭೆಯ ದಿನ ಪಡಸಾಲೆ ತುಂಬಿತ್ತು. ವಿಶ್ವನಾಥಯ್ಯನವರು ಮುಂದೆ ಚಾಪೆಯ ಮೇಲೆ. ಕಲ್ಯಾಣಪ್ಪ ಹಿಂದೆ, ಕಂಬಕ್ಕೆ ಆತು, ತಲೆಯ ಪಟಗ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕುಂತಿದ್ದ. ರೇವಯ್ಯ ಮೊದಲು ಎದ್ದ. ಚೆನ್ನಾಗಿಯೇ ಹೇಳಿದ. ಮುಷ್ಟಿಯ ಮಣ್ಣು, ಬಿತ್ತುವ ಹದ, ಎತ್ತಿನ ಕಿವಿ, ಒಂದನ್ನೂ ಬಿಡಲಿಲ್ಲ. “ಇದು ಯಾವ ಪುಸ್ತಕದಾಗ ಅದ, ಹೇಳ್ರಿ!” ಎಂದು ಕೈ ಎತ್ತಿದಾಗ ಜನ ಚಪ್ಪಾಳೆ ಹೊಡೆದರು.

ಮಾಸ್ತರರು ಮುಕ್ತಾಳ ಹೆಸರು ಕರೆದರು.

ಆಕೆ ಕಂಬದ ಆಚೆಯಿಂದ ಹೊರಬಂದು, ಎಲ್ಲರ ನಡುವೆ ನಡೆದು ಹೋಗಿ ರೇವಯ್ಯನ ಕಾಲಿಗೆ ಹಣೆ ಹಚ್ಚಿದಳು. ವಿಶ್ವನಾಥಯ್ಯನವರು ತಲೆದೂಗಿದರು. ಕಲ್ಯಾಣಪ್ಪನಿಗೆ ನಿರಾಳವಾಯಿತು. ಹುಡುಗರು ಹೌದ್ರಿ ಎಂಬ ಮಾತಿಗಾಗಿ ನಗಲು ಸಿದ್ಧವಾಗಿ ಕುಂತರು.

ಮುಕ್ತಾ ಎದ್ದು ಸೆರಗು ಸರಿ ಮಾಡಿಕೊಂಡಳು. “ಶರಣು ಅಯ್ಯನೋರಿಗಿ ಮಾಡೀನಿ. ಅದು ಮುಗೀತು. ಇನ್ನ ಮಾತು ಎದುರು ಪಕ್ಷದ ರೇವಯ್ಯಗ. ಅಂವ ಹೇಳಿದ್ದು ನಾ ಒಪ್ಪಂಗಿಲ್ಲ.”

ಆಕೆ ಸಭೆಯ ಕಡೆ ತಿರುಗಿದಳು.

“ಮಣ್ಣ ಹಿಡಿದು ಹದಾ ನೋಡೋ ಮಾತು ರೇವಯ್ಯಂದು ಅಲ್ಲ, ನಮ್ಮಪ್ಪಂದು. ಎತ್ತಿನ ಕಿವಿ ಮಾತೂ ನಮ್ಮಪ್ಪಂದು. ಖರೆ ಮಾತವ. ಆದ್ರ ನಮ್ಮಪ್ಪ ಅಲ್ಲಿ ಕಂಬಕ್ಕ ಆತು ಕುಂತಾನ. ತನ್ನ ಮಾತು ತಾನು ಎದ್ದು ಹೇಳಾಕ ಅವನಿಗಿ ಧೈರ್ಯ ಇಲ್ಲ. ಅಂವ ಬೆಳೆದದ್ದು ಎಲ್ಲಾರೂ ಉಣ್ತೀರಿ. ಅಂವ ಅಂದದ್ದು ಯಾರು ಕೇಳೀರಿ? ಅದೇ ಮಾತು ಓದಿದವನ ಬಾಯಾಗ ಬಂದ್ರ ಚಪ್ಪಾಳಿ ಹೊಡೀತೀರಿ. ಒಕ್ಕಲುತನ ದೊಡ್ಡದು ಅನ್ನಾಕೂ ಓದಿದವರ ಬಾಯೇ ಬೇಕಾತಲ್ಲ! ಅದಕ್ಕ ವಿದ್ಯಾ ಮೇಲು. ನಾ ಓದಾಕಿ. ನಮ್ಮಪ್ಪನ ಮಾತು ಇನ್ನ ಮ್ಯಾಲ ನಾನೇ ಹೇಳ್ತೀನಿ.”

ವಿಶ್ವನಾಥಯ್ಯನವರು ಎದ್ದುಬಿಟ್ಟರು. “ಏಳೋ ರೇವಯ್ಯಾ! ಮಠದಾಗ ಕುಂತು ಇಂಥಾದು ಕೇಳಬೇಕೇನು?”

ರೇವಯ್ಯ ಮಾಸ್ತರರ ಮುಖ ನೋಡಿದ, ತಂದೆಯ ಮುಖ ನೋಡಿದ. “ಸಭಾಪತಿಗಳ ಅಪ್ಪಣಿ ಆಗಿಲ್ಲರಿ ಅಪ್ಪೋರ.”

ಅಯ್ಯನವರು ಒಬ್ಬರೇ ಹೊರಟರು. ಅವರ ಹಿಂದೆ ಊರ ಕೆಲವು ಹಿರಿಯರೂ ಹೊರಟರು. ಆ ಗದ್ದಲದಲ್ಲಿಯೇ ರೇವಯ್ಯ ಉತ್ತರ ಕೊಡಲು ಎದ್ದ. “ಆಕಿ ಅಂದದ್ದು ಹೌದು...” ಎಂದು ನಾಲಿಗೆ ಕಚ್ಚಿಕೊಂಡ. ಹುಡುಗರ ನಗೆಗೆ ಮಾಡಿನ ಪಾರಿವಾಳಗಳು ಹಾರಿದವು. ಮಾಸ್ತರರು ಅಲ್ಲಿಗೇ ಸಭೆ ಮುಗಿಸಿದರು. ಯಾರು ಗೆದ್ದರೆಂದು ಹೇಳಲೇ ಇಲ್ಲ. ಈ ಒಂದು ವಿಷಯಕ್ಕೆ ಅತ್ತೆ ಮುದುಕಿಯಾದ ಮೇಲೂ ಸಿಟ್ಟಾಗುತ್ತಿದ್ದಳು. “ಅಂಜಿದ ಮಾಸ್ತರ! ನನ್ನ ತೀರ್ಪು ಇನ್ನೂ ಬಾಕಿ ಅದ.”

ಮನೆಗೆ ಬರುವಾಗ ಕಲ್ಯಾಣಪ್ಪ ಮುಂದೆ, ಮಗಳು ಹಿಂದೆ. ಅಪ್ಪ ಹೇಳಿದ್ದಂತೆ ತನ್ನ ಸಾಲೆ ಮುಗಿಯಿತು ಎಂದೇ ತಿಳಿದು ಮುಕ್ತಾ ಪಾಟಿಯನ್ನು ಗೂಟಕ್ಕೆ ನೇತುಹಾಕಿದಳು.

ಮುಂದಿನ ಸೋಮವಾರದ ತನಕ ಆ ಪಾಟಿ ಗೂಟದಲ್ಲೇ ಇತ್ತು. ಸೋಮವಾರ ಕಲ್ಯಾಣಪ್ಪ ಮಿಂದು, ವಿಭೂತಿ ಧರಿಸಿ, ಅಯ್ಯನವರ ಕಾಲು ತೊಳೆಯಲು ತಂಬಿಗೆ ನೀರು ಹಿಡಿದು ಹೊಸ್ತಿಲಲ್ಲಿ ನಿಂತ. ಬಿಸಿಲು ಅಂಗಳಕ್ಕೆ ಇಳಿಯಿತು. ಅಯ್ಯನವರು ಎದುರು ಮನೆಗೆ ಬಂದರು. ಅವನನ್ನು ಕಂಡೂ ಕಾಣದ ಹಾಗೆ ಮುಂದೆ ಹೋದರು. ಶೇವಂತಾಬಾಯಿ ಒಳಗೆ ಅಳತೊಡಗಿದಳು.

ಕಲ್ಯಾಣಪ್ಪ ಇನ್ನೂ ಸ್ವಲ್ಪ ಹೊತ್ತು ನಿಂತ. ಆಮೇಲೆ ತಂಬಿಗೆಯ ನೀರನ್ನು ಬಿಲ್ವಪತ್ರೆ ಗಿಡದ ಬುಡಕ್ಕೆ ಹೊಯ್ದು ಒಳಗೆ ಬಂದ.

“ಮುಕ್ತಾ, ಪೂಜಾದಾಗ ಹೇಳೋ ವಚನ ನಿನಗ ಓದಾಕ ಬರ್ತಾವೇನು?”

“ಬರ್ತಾವ ಅಪ್ಪಾ.”

“ಹಂಗಾದ್ರ ಕುಂಡ್ರು. ಅಯ್ಯನೋರು ಕುಂಡ್ರೋ ಜಾಗಾದಾಗ ಕುಂಡ್ರು. ನೀ ಹೇಳು, ನಾ ಕೇಳ್ತೀನಿ.”

ಶೇವಂತಾಬಾಯಿ ಗಾಬರಿಯಾಗಿ, “ಅಯ್ಯ, ಇದು ನಡೀತದೇನ್ರಿ?” ಎಂದಳು.

ಕಲ್ಯಾಣಪ್ಪ ಅಂಗೈಯಲ್ಲಿ ಲಿಂಗ ಹಿಡಿದು ಕುಂತಿದ್ದ. “ನಡಸೋಣು” ಎಂದ. ಆಮೇಲೆ ಮಗಳ ಕಡೆ ತಿರುಗಿ, “ಲಗೂ ಹೇಳು. ನಿನ್ನ ಸಾಲಿಗಿ ಹೊತ್ತಾಗ್ತದ” ಎಂದ.