ಅಟ್ಟದ ನಾಲ್ಕು ಹಲಗೆ

ಆಗೆಲ್ಲ ಬಾಣಾವರದ ನಮ್ಮ ಬೀದಿಯಲ್ಲಿ ಎರವಲು ಹೋದ ಸಾಮಾನು ತಾನಾಗಿ ಮನೆಗೆ ಬರುತ್ತಿರಲಿಲ್ಲ. ಏಣಿಯಾಗಲಿ, ಒಬ್ಬಟ್ಟಿನ ಹಂಚಾಗಲಿ, ಹೋಗಿ ಕೇಳಿ ತರಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಹತ್ತು ವರ್ಷದ ನನ್ನದು. ಯಾರದಾದರೂ ಹೊಸಲ ಮೇಲೆ ಕೂತೆನೆಂದರೆ ಸಾಮಾನು ಕೈಗೆ ಬರುವ ತನಕ ಏಳುತ್ತಿರಲಿಲ್ಲ. ಜಪ್ತಿಗೆ ಬರುವ ಕೋರ್ಟಿನ ಅಮೀನನ ಹೆಸರಲ್ಲಿ ಎಲ್ಲರೂ ನನ್ನನ್ನು ‘ಅಮೀನಮ್ಮ’ ಎನ್ನುತ್ತಿದ್ದರು. ನನಗದು ಬಿರುದಿನಂತೆ ಕೇಳಿಸುತ್ತಿತ್ತು.

ಆ ಬೇಸಿಗೆ ನೀರಿನ ಪೈಪಿಗೆಂದು ಬೀದಿಯುದ್ದಕ್ಕೂ ಆಳು ಮುಳುಗುವಷ್ಟು ಆಳದ ಕಾಲುವೆ ತೋಡಿದರು. ಹಸಿ ಮಣ್ಣಿನ ವಾಸನೆ. ನಾವು ಮಕ್ಕಳು ಅದನ್ನು ಹಾರುವ ಪಂದ್ಯ ಕಟ್ಟುತ್ತಿದ್ದೆವು. ಒಳಗೆ ತೋಡುತ್ತಿದ್ದ ಸಿದ್ದಣ್ಣ ತಲೆಯೆತ್ತಿ ಗದರುತ್ತಿದ್ದ.

“ದೂರ ಆಡ್ಕಳ್ರವ್ವಾ. ಅಂಚು ತುಳಿದ್ರೆ ಕೆಳಗಿರೋನಿಗೆ ಗ್ರಾಚಾರ.”

ನಮ್ಮ ಮನೆಯ ಮುಂದೆ ಹಿಂದೆಂದೋ ನೆಲದೊಳಗೆ ರಾಗಿ ತುಂಬುವ ಹಗೇವು ಇತ್ತು. ಅದನ್ನು ಮುಚ್ಚಿದ ಮಣ್ಣು ಸಡಿಲ. ಸಿದ್ದಣ್ಣ ಒಂದು ಹಿಡಿ ಅಮುಕಿ ನೋಡಿ ಅಪ್ಪನ ಹತ್ತಿರ ಬಂದ.

“ಸಾವ್ಕಾರ್ರೇ, ಇಲ್ಲಿ ಮಣ್ಣು ನಿಲ್ಲಾಕಿಲ್ಲ. ನಾಕು ಹಲಗೆ ಕೊಡಿ, ಎರಡೂ ಕಡೆ ಒತ್ತು ಕೊಟ್ಕತೀನಿ.”

ಅಪ್ಪ ತೆಂಗಿನಕಾಯಿ ವ್ಯಾಪಾರಿ. ಕೊಬ್ಬರಿ ಅಟ್ಟಕ್ಕೆಂದು ಇಟ್ಟಿದ್ದ ಹಲಗೆ ಕೊಟ್ಟರು. ಸಿದ್ದಣ್ಣ ಅವನ್ನು ಕಾಲುವೆಯ ಎರಡೂ ಗೋಡೆಗೆ ನಿಲ್ಲಿಸಿ ನಡುವೆ ಅಡ್ಡಕ್ಕೆ ಬಿದಿರಿನ ಗಳು ಬಿಗಿದ.

ಮೂರನೆಯ ದಿನ ನಮ್ಮ ಮನೆಗೆ ಒಂದು ಲೋಡು ಕಾಯಿ ಬಂತು. ಅಟ್ಟಕ್ಕೆ ಹಲಗೆ ಸಾಲಲಿಲ್ಲ. “ಅಮೀನಮ್ಮ, ಹೋಗಿ ಇಸ್ಕೊಂಡು ಬಾ,” ಎಂದರು ಅಪ್ಪ.

“ಇವತ್ತೊಂದಿನ ಬುಡವ್ವ,” ಎಂದ ಸಿದ್ದಣ್ಣ ಕೆಳಗಿನಿಂದ. “ಸಂಜೆಗೆ ಪೈಪ್ ಕೂರುಸ್ತಾರೆ. ನಾನೇ ತಂದ್ಕೊಡ್ತೀನಿ.”

“ಎಲ್ಲರೂ ಹಂಗೇ ಅಂತಾರೆ,” ಎಂದು ಮಣ್ಣಿನ ಗುಡ್ಡೆಯ ಮೇಲೆ ಕೂತೆ.

ಅವನು ಸ್ವಲ್ಪ ಹೊತ್ತು ತೋಡಿದ. ಆಮೇಲೆ ನಕ್ಕ. “ನಿಮ್ಮಪ್ಪಾರಾದ್ರೆ ಮರ್ತ್ಕೊಳ್ಳೋರು. ನೀನು ಬುಡೋಳಲ್ಲ ಕಣವ್ವ.” ಗಳು ಸಡಿಲಿಸಿ ಒಂದೊಂದೇ ಹಲಗೆ ಮೇಲಕ್ಕೆ ಕೊಟ್ಟ. “ಇನ್ನೊಂದು ಮೊಳ ಐತೆ, ಮುಗಿಸ್ಬುಟ್ಟು ಬತ್ತೀನಿ.”

ಒಳಗೆ ಅಟ್ಟಕ್ಕೆ ಕಾಯಿ ಸುರಿಯುತ್ತಿದ್ದರು, ದಡದಡ ಎಂದು. ನಡುವೆ ಹೊರಗೊಂದು ಸದ್ದಾಯಿತು. ಅದೂ ಕಾಯಿಯದೇ ಅಂದುಕೊಂಡೆವು. ಹಲಗೆ ತಂದಿದ್ದಕ್ಕೆ ಅಮ್ಮ ಕೊಟ್ಟ ಕೊಬ್ಬರಿ ಬೆಲ್ಲ ತಿನ್ನುತ್ತ ಕೂತಿದ್ದೆ. ಸಿದ್ದಣ್ಣನ ಹೆಂಡತಿ ಬುತ್ತಿ ಹಿಡಿದು ಬಾಗಿಲಿಗೆ ಬಂದು, “ನಮ್ಮೋರು ಎಲ್ಲವ್ರೆ?” ಎಂದಾಗ ಅಪ್ಪ ಎದ್ದರು.

ಕಾಲುವೆ ಅರ್ಧ ತುಂಬಿತ್ತು. ಗುದ್ದಲಿ ತಗುಲೀತೆಂದು ಕೈಯಲ್ಲೇ ಬಗೆದರು. ತೆಗೆಯುವ ಹೊತ್ತಿಗೆ ಉಸಿರಿರಲಿಲ್ಲ. ನಾನು ಅಳಲಿಲ್ಲ. ಬಾಯಲ್ಲಿ ಬೆಲ್ಲವಿತ್ತು, ನುಂಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ಮನೆಯಲ್ಲಿ ಯಾರೂ ಬೈಯಲಿಲ್ಲ. ಅಮೀನಮ್ಮ ಎಂದು ಮತ್ತೆ ಯಾರೂ ಕರೆಯಲೂ ಇಲ್ಲ. ಆ ಬೀದಿಯಲ್ಲಿ ಎರವಲು ಹೋದ ಮೂರೇ ದಿನಕ್ಕೆ ವಾಪಸ್ ಬಂದ ಸಾಮಾನು ಅದೊಂದೇ ಇರಬೇಕು.

ಈಗ ನಾನು ಅರಸೀಕೆರೆಯಲ್ಲಿ, ಗ್ಯಾಸ್ ಆರಿಸಿದೆನೇ ಎಂದು ಬಸ್‌ ಸ್ಟ್ಯಾಂಡಿನಿಂದ ಮರಳಿ ಬರುವ ಹೆಂಗಸು. ನನ್ನ ಏಣಿ ಪಕ್ಕದ ಮೇಷ್ಟರ ಮನೆಯಲ್ಲಿದೆ. ಇಡ್ಲಿ ಪಾತ್ರೆ ಹಿಂದಿನ ಮನೆಯಲ್ಲಿ. ಅಮ್ಮನ ಒಬ್ಬಟ್ಟಿನ ಹಂಚು ಯಾರಲ್ಲಿದೆಯೋ ಗೊತ್ತಿಲ್ಲ. ಕೇಳೋಣವೆಂದು ಬಾಗಿಲವರೆಗೆ ಹೋಗಿ, ‘ಚೆನ್ನಾಗಿದ್ದೀರಾ’ ಎಂದಷ್ಟೇ ಕೇಳಿ ಬರುತ್ತೇನೆ.

ಹೋದ ತಿಂಗಳು ಒಳಚರಂಡಿಗೆಂದು ಜೆಸಿಬಿ ನಮ್ಮ ಮನೆ ಮುಂದೆ ತೋಡಿತು. ಇಬ್ಬರು ಹುಡುಗರು ಬರಿಗೋಡೆಗಳ ನಡುವೆ ಇಳಿಯಲು ಹೊರಟರು. ಊರಿನ ಮನೆ ಕೆಡವಿದಾಗ ತಂದಿಟ್ಟಿದ್ದ ಆ ನಾಲ್ಕು ಹಲಗೆ ಎಳೆದು ತಂದೆ.

“ಅರ್ಧ ಗಂಟೆ ಕೆಲಸ ಆಂಟಿ. ಇದ್ಯಾಕೆ?”

ನಾನು ಹೊಸಲ ಮೇಲೆ ಕೂತೆ. ಹಲಗೆ ನಿಲ್ಲಿಸಿ ಒತ್ತು ಕೊಡುವ ತನಕ ಏಳಲಿಲ್ಲ.

“ಸಂಜೆ ತಂದ್ಕೊಡ್ತೀವಿ,” ಎಂದರು ಹುಡುಗರು.

ಅವರೀಗ ಮುಂದಿನ ಬೀದಿಯಲ್ಲಿದ್ದಾರೆ. ಹಲಗೆ ಇನ್ನೂ ಬಂದಿಲ್ಲ. ನಾನು ಕೇಳಿಲ್ಲ.